ಪರಸಿಯ ಹೆಸರಿನ ಗಾಜು

ಮಲೇರಿಯಾದವರು ಹದಿನೈದು ದಿನಕ್ಕೊಮ್ಮೆ ಟಿಕೋಟಾದ ಮನೆಮನೆಗೂ ಬಂದು, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಒರೆಸಿಕೊಂಡು ಹೋಗುತ್ತಿದ್ದ ಕಾಲವದು. ಬಾಗಿಲ ಹಿಂದಿನ ಗೋಡೆಯ ಮೇಲೆ ಒಂದು ಚೌಕ ಬರೆದು, ತಾವು ಬಂದು ಹೋದ ತಾರೀಖನ್ನು ಅದರಲ್ಲಿ ಹಾಕುತ್ತಿದ್ದರು. ಹುಲಿಗೆವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಗೋಡೆ ಸಾರಿಸುವಾಗ ಆ ಚೌಕಕ್ಕೆ ಸಗಣಿ ತಾಗದ ಹಾಗೆ ಸುತ್ತು ಬಳಸಿ ಸಾರಿಸುತ್ತಿದ್ದಳು. ಸರಕಾರದ ಬರಹ, ಅಳಿಸಿದರೆ ಯಾವ ಕೇಸು ಬೀಳುತ್ತದೋ ಎಂಬ ಅಂಜಿಕೆ.

ಮನೆಯಲ್ಲಿ ದಿನವೂ ಇರುತ್ತಿದ್ದವರು ಮೂವರೇ. ಹುಲಿಗೆವ್ವ, ಸೊಸೆ ರೇಣವ್ವ, ಐದು ವರ್ಷದ ಮೊಮ್ಮಗಳು ಪರಸವ್ವ. ಮಗ ಹಣಮಂತ ವಿಜಾಪುರದ ಅರಳೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಜೋರಾಪುರ ಪೇಟೆಯಲ್ಲಿ ಇನ್ನಿಬ್ಬರ ಜೊತೆ ಒಂದು ಖೋಲಿ ಹಿಡಿದಿದ್ದ. ಶನಿವಾರ ಸಂಜೆಯ ಬಸ್ಸಿಗೆ ಬಂದರೆ ಸೋಮವಾರ ನಸುಕಿನಲ್ಲಿ ಹೊರಟುಬಿಡುತ್ತಿದ್ದ.

ಪರಸಿ ಮೊದಲಿನಿಂದಲೂ ಬಿಳಚು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ತೊಳೆದ ಅಕ್ಕಿಯ ಬಣ್ಣ. ಗೋಡೆಯ ಮಣ್ಣು ಕೆರೆದು ತಿನ್ನುವ ಚಟ ಬೇರೆ. ಅತ್ತೆ ಸೊಸೆಗೆ ಜಗಳಕ್ಕೆ ಅದೊಂದೇ ಸಾಕಾಗುತ್ತಿತ್ತು.

"ಮತ್ತ ಮಣ್ಣ ತಿಂದಾಳ್ರಿ ಅತ್ತಿ, ಬಾಯಿ ನೋಡ್ರಿ ಇಕೀದು. ನಾ ಶೇಂಗಾ ಕೀಳಾಕ ಹೋಗಿ ಬರೂದ್ರಾಗ ಒಂದ ಹುಡುಗಿ ಕಾಯಾಕ ಆಗಂಗಿಲ್ಲೇನ್ರಿ ನಿಮಗ?"

"ನಾ ಒಲಿ ನೋಡ್ಲ್ಯೋ, ಬಾವಿಗೆ ಹೋಗ್ಲ್ಯೋ, ನಿನ್ನ ಮಗಳ ಬಾಯಾಗ ಬೆರಳ ಇಟ್ಕೊಂಡ ಕುಂಡ್ರಲ್ಯೋ? ಹಾಲ ಬಿಡಸೂದ್ರಾಗ ನೀ ಅವಸರ ಮಾಡಿದಿ. ಅದಕ್ಕ ಆಕೀ ಮೈಯಾಗ ರಕ್ತ ನಿಂತಿಲ್ಲ."

"ಹಾಲ ಕುಡಿಸಿಕೋತ ಮನಿಯಾಗ ಕುಂತಿದ್ರ ರೊಟ್ಟಿ ಯಾರ ತರ್ತಿದ್ರು?"

ಹೀಗೆ ಬೈದುಕೊಂಡೇ ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತು, ಒಬ್ಬಳು ಬಡಿದ ರೊಟ್ಟಿಯನ್ನು ಇನ್ನೊಬ್ಬಳು ಬೇಯಿಸುತ್ತಿದ್ದರು.

ಆ ವರ್ಷ ದಸರೆ ಮುಗಿದ ವಾರದಲ್ಲಿ ಪರಸಿಗೆ ಜ್ವರ ಬಂತು. ಮೂರನೆಯ ದಿನ ಕಿವಿಯ ಹಿಂದೆ ಕೆಂಪು ಕೆಂಪಾಗಿ ದಡಾರ ಎದ್ದಿತು. ಹುಲಿಗೆವ್ವ ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸಿದಳು. ಒಗ್ಗರಣೆ ನಿಲ್ಲಿಸಿದಳು. ದೇವಿ ಮೈಮೇಲೆ ಬಂದ ಮನೆಯಲ್ಲಿ ಎಣ್ಣೆ ಚುರ್ ಅನ್ನಬಾರದು, ಔಷಧಿ ಮಾಡಬಾರದು, ಸೂಜಿಯ ಮೊನೆ ಮೈಗೆ ತಾಗಬಾರದು. ಅವಳ ತಾಯಿಯ ಕಾಲದಿಂದಲೂ ಹಾಗೇ ನಡೆದು ಬಂದಿತ್ತು.

ಮರುದಿನ ಮುಂಜಾನೆ ಶಂಕರೆಪ್ಪ ಬಂದ. ಮಲೇರಿಯಾ ಕೆಲಸಕ್ಕೆ ಸೇರಿ ಇನ್ನೂ ನಾಲ್ಕೇ ತಿಂಗಳಾಗಿತ್ತು. ಬಬಲೇಶ್ವರದ ಕಡೆಯ ಹುಡುಗ. ಸೈಕಲ್ಲಿಗೆ ಕಟ್ಟಿದ ತಗಡಿನ ಪೆಟ್ಟಿಗೆ, ಹೊಸ ಖಾಕಿ ಅಂಗಿ. ರೇಣವ್ವ ಆಗಲೇ ಹೊಲಕ್ಕೆ ಹೋಗಿದ್ದಳು.

"ಆಯಿ, ಮನಿಯಾಗ ಯಾರಿಗರ ಜ್ವರ ಅದಾವೇನ್ರಿ?"

"ಇಲ್ಲೋ ಯಪ್ಪಾ."

ಅಷ್ಟರಲ್ಲಿ ಒಳಗೆ ಪರಸಿ ಕೆಮ್ಮಿದಳು. ಆಚೆಮನೆಯ ಮದೀನಾಬಿ ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದವಳು, "ಹುಡುಗಿಗೆ ನಾಕ ದಿನದಿಂದ ಮೈ ಕಾದೈತಿ ನೋಡಪಾ" ಎಂದು ಕೂಗಿಯೇಬಿಟ್ಟಳು.

ಶಂಕರೆಪ್ಪ ಹಲಗೆಗೆ ಸಿಕ್ಕಿಸಿದ್ದ ಹಾಳೆಯ ಮೇಲೆ ಹೆಸರು ಬರೆದುಕೊಂಡ. ಪರಸವ್ವ, ವಯಸ್ಸು ಐದು, ಜ್ವರ. ಬರೆದ ಮೇಲೆ ಪೆಟ್ಟಿಗೆ ತೆಗೆದ.

"ಆಕೀ ಮೈಮ್ಯಾಲ ದೇವಿ ಬಂದಾಳ" ಎಂದು ಹುಲಿಗೆವ್ವ ಬಾಗಿಲಿಗೆ ಅಡ್ಡ ನಿಂತಳು. "ಸೂಜಿ ಚುಚ್ಚಸಾಂಗಿಲ್ಲ. ಮೊದಲ ಮೈಯಾಗ ರಕ್ತಿಲ್ಲ ಕೂಸಿಗೆ."

"ಒಂದ ಹನಿ ಬೇ ಆಯಿ. ಜ್ವರ ಅಂತ ಬರದೀನಿ. ಗಾಜ ಇಲ್ಲದ ಹಾಳಿ ಒಯ್ದ್ರ ಸಾಹೇಬ್ರು ನನ್ನ ನಿಂದರಿಸಿ ಕೇಳ್ತಾರ."

"ಅಳಿಸಿಬಿಡು."

"ಅಳಿಸಾಂಗಿಲ್ರಿ, ಶಾಯಿಲೆ ಬರದೀನಿ."

ಹುಡುಗನ ಮುಖ ನೋಡಿ ಹುಲಿಗೆವ್ವನಿಗೆ ಪಾಪ ಅನ್ನಿಸಿತು. ಒಳಗೆ ಮಲಗಿದವಳನ್ನೊಮ್ಮೆ ನೋಡಿದಳು. ಸೆರಗಿಗೆ ಕೈ ಒರೆಸಿ ತನ್ನ ಎಡಗೈ ಬೆರಳು ಮುಂದೆ ಚಾಚಿದಳು.

"ನಂದ ತಗೋ. ಆಕೀ ಅಪ್ಪನ್ನ ಹಡದಾಕಿ ನಾನ. ಬ್ಯಾರೆ ಯಾರದರ ರಕ್ತ ಏನಿದು?"

ಶಂಕರೆಪ್ಪ ಆಚೆ ಈಚೆ ನೋಡಿದ. ಮದೀನಾಬಿ ಮೊರ ಎತ್ತಿಕೊಂಡು ಒಳಗೆ ಹೋಗಿದ್ದಳು. ಅವನು ನಕ್ಕ, ಹುಲಿಗೆವ್ವನೂ ನಕ್ಕಳು. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳು. ಗಾಜಿನ ಮೇಲೆ ರಕ್ತ ಒರೆಸಿ, ಪರಸಿಯ ಹೆಸರಿಗೆ ಯಾವ ನಂಬರು ಇತ್ತೋ ಆ ನಂಬರನ್ನೇ ಅದಕ್ಕೂ ಹಾಕಿದ. ಹೋಗುವಾಗ ಒಂದು ಗುಳಿಗೆ ಕೊಟ್ಟ. ಅವನು ಓಣಿಯ ತಿರುವು ದಾಟಿದ್ದೇ ತಡ ಹುಲಿಗೆವ್ವ ಅದನ್ನು ತಿಪ್ಪೆಗೆ ಎಸೆದಳು.

ರೇಣವ್ವನಿಗೆ ಹೇಳಲಿಲ್ಲ. ಹೇಳುವಂಥದ್ದೇನು ಅದರಲ್ಲಿ?

ಅದೇ ದಿನ ಮಧ್ಯಾಹ್ನ ಅವಳಿಗೆ ಬೆನ್ನಿನಲ್ಲಿ ಚಳಿ ಹುಟ್ಟಿತು. ಎರಡು ತಿಂಗಳಿನಿಂದ ಆಗಾಗ ಹಾಗಾಗುತ್ತಿತ್ತು. ಕೌದಿ ಹೊದ್ದು ಒಂದು ಗಳಿಗೆ ನಡುಗಿ, ಬೆವರಿ, ಏಳುತ್ತಿದ್ದಳು. ವಯಸ್ಸಾದ ಮೈಗೆ ಬರುವ ವಾಯು ಅಂದುಕೊಂಡಿದ್ದಳು.

ದಡಾರ ಇಳಿಯಿತು. ಪರಸಿಗೆ ನೀರು ಹಾಕಿದರು. ದೇವಿಗೆ ಮೊಸರನ್ನ, ಉಳ್ಳಾಗಡ್ಡಿ ಇಟ್ಟರು. ಆದರೆ ಹುಡುಗಿ ಚೇತರಿಸಿಕೊಳ್ಳಲಿಲ್ಲ. ಅರ್ಧ ರೊಟ್ಟಿ ತಿನ್ನುತ್ತಿದ್ದವಳು ಕಾಲು ರೊಟ್ಟಿಗೆ ಇಳಿದಳು. ಓಣಿಗೆ ಆಡಲು ಹೋದರೆ ಕಟ್ಟೆ ಸಿಕ್ಕಲ್ಲಿ ಕುಳಿತುಬಿಡುತ್ತಿದ್ದಳು.

"ವಿಜಾಪುರದ ದವಾಖಾನಿಗೆ ತೋರಿಸಿಕೊಂಡ ಬರೂಣು" ಎಂದ ಹಣಮಂತ ಒಂದು ಭಾನುವಾರ, ಮಗಳ ಕೆನ್ನೆ ಹಿಡಿದು ನೋಡುತ್ತ.

"ದಡಾರ ಎದ್ದ ಮೈ ತುಂಬಾಕ ತಿಂಗಳ ಬೇಕಾಕ್ಕೈತಿ. ಅವಸರ ಮಾಡಬ್ಯಾಡ ನೀ" ಎಂದಳು ಹುಲಿಗೆವ್ವ.

ಗಾಜು ಕೊಟ್ಟು ಮೂರು ವಾರ ಕಳೆದಿತ್ತು. ಒಂದು ಬುಧವಾರ ಮುಂಜಾನೆ ಓಣಿಯ ಬಾಯಿಗೆ ಜೀಪು ಬಂದು ನಿಂತಿತು. ಮಲೇರಿಯಾ ಸಾಹೇಬರು ಇಳಿದರು. ಹಿಂದೆ ಶಂಕರೆಪ್ಪ.

"ಪರಸವ್ವ ಹಣಮಂತ ಯಾರು? ಆಕೀ ರಕ್ತದಾಗ ಮಲೇರಿಯಾ ಸಿಕ್ಕೈತಿ. ಐದು ದಿನ ಗುಳಿಗಿ ನುಂಗಬೇಕು, ದಿನಾ ನಮ್ಮ ಮನಶ್ಯಾನ ಮುಂದ."

ರೇಣವ್ವ ಅಂದು ಹೊಲಕ್ಕೆ ಹೋಗಿರಲಿಲ್ಲ. ಕೈಯೊಳಗಿನ ಹಿಟ್ಟು ಕೊಡವುತ್ತ ಹೊರಗೆ ಬಂದಳು. ಕೇಳಿ ಹೆದರಬೇಕಾದವಳು ಹೆದರಲಿಲ್ಲ. ಅವಳ ಮುಖ ಅರಳಿತು.

"ನೋಡ್ರಿ ಅತ್ತಿ! ಅದಕ್ಕ ನನ್ನ ಮಗಳು ಹಿಂಗ ಸೊರಗ್ಯಾಳ. ನನ್ನ ಹಾಲಿಂದೂ ಅಲ್ಲ, ಮಣ್ಣಿಂದೂ ಅಲ್ಲ. ಮಲೇರಿಯಾ ಐತಿ ಒಳಗ. ಇನ್ನ ಔಷಧ ಸಿಕ್ತಲ್ಲ, ಆರಾಮ ಆಕ್ಕಾಳ."

ಹುಲಿಗೆವ್ವ ಶಂಕರೆಪ್ಪನ ಕಡೆ ನೋಡಿದಳು. ಶಂಕರೆಪ್ಪ ನೆಲ ನೋಡಿದ.

ದೊಡ್ಡ ಗುಳಿಗೆಯ ತುಂಡು ಒಂದು, ಸಣ್ಣ ಗುಳಿಗೆ ಒಂದು. ರೇಣವ್ವ ಬೆಲ್ಲದ ಚೂರಿನಲ್ಲಿ ಒತ್ತಿ ಮಗಳ ಬಾಯಿಗೆ ಹಾಕಿ ಮೂಗು ಹಿಡಿದಳು. ಪರಸಿ ಒದ್ದಾಡಿ ನುಂಗಿದಳು. "ನಾಲಿಗಿ ತೋರ್ಸು" ಎಂದರು ಸಾಹೇಬರು. ಪರಸಿ ನಾಲಿಗೆ ಚಾಚಿದಳು. ಸಾಹೇಬರು ಬರೆದುಕೊಂಡು, ಒಂದು ಚೀಟಿ ರೇಣವ್ವನ ಕೈಗೂ ಕೊಟ್ಟರು.

ಜೀಪಿನ ಸದ್ದು ದೂರವಾದ ಮೇಲೆ ಹುಲಿಗೆವ್ವ ಕೊಡ ಎತ್ತಿಕೊಂಡು ಬಾವಿಯ ದಾರಿ ಹಿಡಿದಳು. ಶಂಕರೆಪ್ಪ ಸೈಕಲ್ಲು ತಳ್ಳಿಕೊಂಡು ಬೇಕೆಂದೇ ಹಿಂದುಳಿದಿದ್ದ.

"ಯಪ್ಪಾ, ಆ ರಕ್ತ ನಂದೈತಲ್ಲೋ."

"ಸಾವಕಾಶ ಮಾತಾಡ ಬೇ ಆಯಿ! ಹೊರಗ ಬಂತಂದ್ರ ನನ್ನ ಕೆಲಸ ಹೋಗ್ತೈತಿ. ಮನಿಯಾಗ ತಂಗ್ಯಾರ ಇಬ್ರ ಅದಾರ. ಹುಡುಗಿ ಐದ ದಿನ ಗುಳಿಗಿ ತಗೊಂಡ್ರ ಏನಾಕ್ಕೈತಿ? ಔಷಧ ಅಲ್ಲೇನ ಅದು? ವಿಷ ಅಲ್ಲಲ್ಲ."

"ಆ ಗುಳಿಗಿ ನಾನ ನುಂಗ್ತೀನಿ. ಆಕಿಗೆ ಬ್ಯಾಡ."

"ನಿಮ್ಮ ಸ್ವಸಿ ಬಿಡಬೇಕಲ್ರಿ. ನನಗಿಂತ ಬಿರಸ ಅದಾಳ ಆಕಿ."

ಅದೂ ನಿಜವೇ. ರೇಣವ್ವ ಕೂಲಿ ಬಿಟ್ಟು ಮನೆಯಲ್ಲಿ ನಿಂತಳು. ಶಂಕರೆಪ್ಪನ ಸೈಕಲ್ಲಿನ ಗಂಟೆ ಕೇಳುವುದರೊಳಗೆ ಬೆಲ್ಲ ಜಜ್ಜಿ ನೀರಿನ ತಂಬಿಗೆ ಹಿಡಿದು ಸಜ್ಜಾಗಿರುತ್ತಿದ್ದಳು. ಮಗಳು ಬಾಯಿ ಮುಚ್ಚಿಕೊಂಡರೆ ತೊಡೆಯ ಮೇಲೆ ಕೆಡವಿ ನುಂಗಿಸುತ್ತಿದ್ದಳು. ಒಂದು ಚೂರೂ ಹೊರಗೆ ಬೀಳಗೊಡಲಿಲ್ಲ. ಹುಲಿಗೆವ್ವ ಒಲೆಯ ಮುಂದೆ ಕುಳಿತು ಬೂದಿ ಕೆದಕುತ್ತಿದ್ದಳು. ಔಷಧವೇ ಅಲ್ಲವೇ, ಒಳ್ಳೆಯದೇ ಆದೀತು, ರಕ್ತ ತುಂಬಿದರೂ ತುಂಬೀತು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟು ಸಲವೂ ಸೂಜಿ ಚುಚ್ಚಿಸಿಕೊಂಡ ಆ ಬೆರಳು ತುರಿಸಿದಂತಾಗುತ್ತಿತ್ತು.

ಮೂರನೆಯ ದಿನ ಸಂಜೆ ಪರಸಿಯನ್ನು ಹಿತ್ತಲಿಗೆ ಒಂದಕ್ಕೆ ಕೂಡಿಸಲು ಕರೆದುಕೊಂಡು ಹೋದವಳು ಅಲ್ಲಿಯೇ ನಿಂತುಬಿಟ್ಟಳು. ಕಲ್ಲಿನ ಮೇಲೆ ಹರಿದದ್ದು ಹಾಲು ಹಾಕದ ಚಹಾದ ಬಣ್ಣದ್ದು.

"ಆಯಿ, ಕರ್ರಗ ಬಂತು" ಎಂದಳು ಪರಸಿ.

"ಏನಿಲ್ಲ ನನ್ನವ್ವ. ಬೆಲ್ಲ ತಿಂದೀಯಲ್ಲ, ಅದಕ್ಕ."

ಒಳಗಿನಿಂದ ಒಂದು ಮೊರ ಬೂದಿ ತಂದು ಸುರಿದಳು. ರೇಣವ್ವ ಕೇಳಿದಳು: "ಯಾಕ್ರಿ ಅತ್ತಿ, ಬೂದಿ ಎಲ್ಲಿ ಒಯ್ದ್ರಿ?"

"ಹಿತ್ತಲದಾಗ ಇರವಿ ಎದ್ದಾವ."

ಆ ಬೂದಿಯ ಮೇಲೆ ಮರುದಿನ ಮತ್ತೆ ಬೂದಿ ಹಾಕಿದಳು. ಅದು ನಾಲ್ಕನೆಯ ದಿನ, ಶನಿವಾರ. ಮುಂಜಾನೆ ಗುಳಿಗೆ ನುಂಗಿಸಿದ ಮೇಲೆ ಪರಸಿ ಬೆನ್ನು ನೋವು ಅಂದಳು. ಮಧ್ಯಾಹ್ನ ಏಳಲೇ ಇಲ್ಲ. ಮದೀನಾಬಿ ಬಂದು ಕಣ್ಣು ಬಿಡಿಸಿ ನೋಡಿದಳು.

"ಯಾ ಅಲ್ಲಾ, ಕಣ್ಣ ಹಳದಿ ಆಗ್ಯಾವ ರೇಣವ್ವ. ಇದು ಕಾಮಣಿ. ಬಿಜ್ಜರಗಿಯಾಗ ಒಬ್ಬ ಮುತ್ಯಾ ಗಿಡದ ಬೇರ ಕೊಡ್ತಾನ. ನಾಳೆ ಹೊತ್ತ ಹೊಂಡೂದ್ರಾಗ ಹೋಗ್ಬೇಕ ನೋಡು, ಬರೀ ಹೊಟ್ಟಿಲೆ."

ಸಂಜೆಯ ಬಸ್ಸಿಗೆ ಹಣಮಂತ ಬಂದ. ತಂದಿದ್ದ ಚುರುಮುರಿಯ ಪೊಟ್ಟಣ ಮಗಳ ತಲೆದಿಂಬಿನ ಹತ್ತಿರ ಇಟ್ಟ. ಪರಸಿ ಕೈ ಚಾಚಲಿಲ್ಲ. ಊಟಕ್ಕೆ ಕುಳಿತರು. ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ. ಯಾರೂ ಮುರಿಯಲಿಲ್ಲ.

"ನಾಳೆ ಬಿಜ್ಜರಗಿಗೆ ಒಯ್ಯೂಣು" ಎಂದಳು ರೇಣವ್ವ. "ಆದ್ರ ಗುಳಿಗಿ ತಪ್ಪಸೂದ ಬ್ಯಾಡ. ಇನ್ನ ಒಂದ ದಿನದ್ದ ಉಳದೈತಿ. ಇಷ್ಟ ದಿನ ಮಾಡಿದ್ದೆಲ್ಲಾ ಹಾಳಾಕ್ಕೈತಿ. ಶಂಕರೆಪ್ಪಗ ಹೊತ್ತ ಹೊಂಡೂಕಿಂತ ಮೊದಲ ಬಾ ಅಂದೀನಿ. ಗುಳಿಗಿ ನುಂಗಿಸಿ, ಬಿಜ್ಜರಗಿಗೆ ಹೋಗೂಣು."

"ಬ್ಯಾಡ" ಎಂದಳು ಹುಲಿಗೆವ್ವ.

"ಯಾಕ್ರಿ?"

"ಗುಳಿಗಿ ಬ್ಯಾಡ ಆಕಿಗೆ."

"ನಿಮಗ ಮೊದಲಿಂದ ಔಷಧ ಅಂದ್ರ ಆಗೂದಿಲ್ಲ. ಸಾಹೇಬ್ರು ಗಾಜಿನಾಗ ನೋಡಿ ಹೇಳ್ಯಾರ, ಆಕೀ ರಕ್ತದಾಗ..."

"ಆ ರಕ್ತ ಆಕೀದಲ್ಲ. ನಂದು."

ಹಣಮಂತನ ಕೈ ತಾಟಿನಲ್ಲಿಯೇ ನಿಂತಿತು. ಹುಲಿಗೆವ್ವ ಹೇಳಿದಳು. ದೇವಿ ಬಂದ ದಿನದಿಂದ ಹಿತ್ತಲಿನ ಬೂದಿಯವರೆಗೆ, ತಿಪ್ಪೆಗೆ ಎಸೆದ ಗುಳಿಗೆಯನ್ನೂ ಬಿಡದೆ ಹೇಳಿದಳು. ಅಳಲಿಲ್ಲ. ಅಳುವುದಕ್ಕೆ ತನಗೆ ಹಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ರೇಣವ್ವ ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು.

"ನಾ ಮೂಗ ಹಿಡದ ನುಂಗಿಸಿದೆ. ಒದರೂ ಕೂಸಿನ ಮೂಗ ಹಿಡದ ನುಂಗಿಸಿದೆ. ನೀವ ಒಲಿ ಮುಂದ ಕುಂತ ನೋಡಿದ್ರಿ."

"ನೋಡಿದೆ ಬೇ."

"ಒಂದ ಮಾತ, ಅತ್ತಿ. ಒಂದ ಮಾತ ಅಂದಿದ್ರ ಆಗ್ತಿತ್ತು."

"ಸಾಕ ಬಿಡು" ಎಂದ ಹಣಮಂತ. ಅದನ್ನು ಯಾರಿಗೆ ಹೇಳಿದನೋ ಇಬ್ಬರಿಗೂ ತಿಳಿಯಲಿಲ್ಲ. ಎದ್ದು ಕೈ ತೊಳೆದುಕೊಂಡ. "ಬಿಜ್ಜರಗಿಗೆ ಹೋಗೂದ ಬ್ಯಾಡ. ಮುಂಜಾನಿ ಮೊದಲನೇ ಬಸ್ಸಿಗೆ ವಿಜಾಪುರಕ್ಕ."

ಬಸ್ಸಿನಲ್ಲಿ ರೇಣವ್ವ ಮಗಳನ್ನು ಅತ್ತೆಯ ಕೈಗೆ ಕೊಡಲಿಲ್ಲ. ಹುಲಿಗೆವ್ವ ಹಿಂದಿನ ಸೀಟಿನಲ್ಲಿ ಕುಳಿತು ಪರಸಿಯ ತೂಗುವ ಕಾಲು ನೋಡುತ್ತ ಬಂದಳು.

ದವಾಖಾನೆಯ ಡಾಕ್ಟರು ವಯಸ್ಸಾದವರು, ಮೆಲುದನಿಯವರು. ಕಣ್ಣು ನೋಡಿದರು, ಎಡಪಕ್ಕೆಯ ಕೆಳಗೆ ಗುಲ್ಮ ಒತ್ತಿ ನೋಡಿದರು, ಒಂದಕ್ಕೆ ಹೋದದ್ದನ್ನು ಸೀಸೆಯಲ್ಲಿ ಹಿಡಿಸಿ ಬೆಳಕಿಗೆ ಎತ್ತಿ ನೋಡಿದರು. ಕಾಮಣಿ ಇರಬಹುದೇನೋ ಎಂದು ಅವರೂ ಮೊದಲು ಕೇಳಿದರು. ಆಮೇಲೆ ಯಾವ ಗುಳಿಗೆ, ಎಷ್ಟು ದಿನ ಎಂದು ಕೇಳಿದರು. ಹಣಮಂತ ಹೇಳಿದ.

"ಆ ಸಣ್ಣ ಗುಳಿಗಿ ನಿಲ್ಲಸ್ರಿ. ಮಲೇರಿಯಾ ಇದ್ದವರಿಗೆ ಅದು ಛಲೋ ಔಷಧ. ಆದ್ರ ಕೆಲವು ಮಕ್ಕಳ ರಕ್ತಕ್ಕ ಅದು ಒಗ್ಗೂದಿಲ್ಲ, ರಕ್ತ ಒಳಗ ಒಡೀತೈತಿ. ಯಾರ ರಕ್ತಕ್ಕ ಒಗ್ಗೂದಿಲ್ಲ ಅಂತ ಮೊದಲ ನೋಡಿ ಹೇಳೂದ ಕಠಿಣ. ನಿಮ್ಮ ಹುಡುಗಿಗೆ ಮೊದಲ ರಕ್ತ ಕಡಿಮಿ, ಮ್ಯಾಲ ದಡಾರ ಬಂದು ಹೋಗೈತಿ. ಉಳದದ್ದೂ ಈಗ ಇಳದೈತಿ."

"ದಡಾರಕ್ಕರ ಆ ಗುಳಿಗಿ ಏನರ ಛಲೋ ಮಾಡಿರಬೇಕಲ್ರಿ?" ಎಂದಳು ರೇಣವ್ವ. ಮಗಳು ನುಂಗಿದ ಕಹಿಯಲ್ಲಿ ಒಂದಿಷ್ಟಾದರೂ ಲಾಭ ಸಿಕ್ಕೀತೇ ಎಂಬಂತಿತ್ತು ಕೇಳಿದ ರೀತಿ.

"ಇಲ್ಲವ್ವಾ. ದಡಾರಕ್ಕ ಅದು ಔಷಧ ಅಲ್ಲ." ಡಾಕ್ಟರು ಮಲೇರಿಯಾ ಸಾಹೇಬರ ಚೀಟಿ ತಿರುವಿದರು. "ಮಲೇರಿಯಾ ಸಿಕ್ಕಿತ್ತು ಅಂತ ಬರದಾರಲ್ಲ ಇಲ್ಲಿ?"

ಹುಲಿಗೆವ್ವ ಮುಂದೆ ಬಂದಳು. ಒಂದು ಸುಳ್ಳಿನಿಂದ ಇಷ್ಟಾದ ಮೇಲೆಯೂ ಇನ್ನೊಂದು ಸುಳ್ಳು ಅವಳ ಬಾಯಿಗೆ ಬಂತು.

"ತಪ್ಪ ನಂದ್ರಿ ಯಪ್ಪಾ. ನಾ ಕೌದಿ ಹೊಚ್ಕೊಂಡ ಮಲಗಿ, ಹುಡುಗಿ ಬೆರಳಂತ ನನ್ನ ಬೆರಳ ಹೊರಗ ಚಾಚಿದೆ. ಆ ಮಲೇರಿಯಾ ಹುಡುಗಗ ಗೊತ್ತ ಇಲ್ಲ. ಅವಂದ ಏನೂ ತಪ್ಪಿಲ್ಲ."

ಡಾಕ್ಟರು ಅವಳ ಕೈ ಹಿಡಿದು ಬೆರಳುಗಳನ್ನು ನೋಡಿದರು. ಜಡ್ಡು, ಸುಟ್ಟ ಕಲೆ, ಮುರಿದ ಉಗುರು.

"ಈ ಬೆರಳ ನೋಡಿ ಐದ ವರ್ಷದ ಹುಡುಗೀದು ಅಂದ್ಕೊಂಡ್ನೇನು ಅಂವ?"

ಹುಲಿಗೆವ್ವ ತಲೆ ತಗ್ಗಿಸಿದಳು. ಡಾಕ್ಟರು ಚೀಟಿಯ ಹಿಂದೆ ಏನೋ ಬರೆದುಕೊಂಡರು.

"ಹುಡುಗಿಗೆ ರಕ್ತ ಕೊಡಬೇಕು, ಇವತ್ತ. ಮನಿಯವರದು ಹೊಂದಿದ್ರ ಛಲೋ. ಯಾರ ಕೊಡ್ತೀರಿ?"

ಹಣಮಂತ, ರೇಣವ್ವ ಬಾಯಿ ತೆರೆಯುವ ಮೊದಲೇ ಹುಲಿಗೆವ್ವ ಸೀರೆಯ ಸೆರಗು ಸರಿಸಿ ತೋಳು ಚಾಚಿದ್ದಳು.

"ನಂದ ತಗೋರಿ. ಎಷ್ಟ ಬೇಕಂದ್ರ ಅಷ್ಟ ತಗೋರಿ. ಎಲ್ಲಾ ತಗೋರಿ."

"ನಿಮ್ಮದು ಬರೂದಿಲ್ಲವ್ವಾ" ಎಂದರು ಡಾಕ್ಟರು. "ನಿಮ್ಮ ರಕ್ತದಾಗ ಮಲೇರಿಯಾ ಐತಿ."

ಚಾಚಿದ ತೋಳನ್ನು ಹುಲಿಗೆವ್ವ ಒಮ್ಮೆಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಬೇಡದಿದ್ದಾಗ ಮೊಮ್ಮಗಳ ಹೆಸರಿನಲ್ಲಿ ಕೊಟ್ಟದ್ದು ನಡೆದುಹೋಗಿತ್ತು. ಬೇಕಾದ ದಿನ ನಡೆಯಲಿಲ್ಲ.

ರೇಣವ್ವನ ರಕ್ತ ಹೊಂದಿತು. ಅವಳು ಮಗಳ ಪಕ್ಕದ ಮಂಚದ ಮೇಲೆ ಮಲಗಿ ಕೊಟ್ಟಳು. ಹುಲಿಗೆವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಹಣಮಂತ ಚಹಾ ತಂದು ಕೊಟ್ಟ. ಅದರ ಬಣ್ಣ ನೋಡಿ ಅವಳು ಲೋಟ ಕೆಳಗಿಟ್ಟಳು.

ಹನ್ನೊಂದು ದಿನ ದವಾಖಾನೆಯಲ್ಲಿದ್ದರು. ಹುಲಿಗೆವ್ವ ಜೋರಾಪುರ ಪೇಟೆಯ ಖೋಲಿಯಲ್ಲಿ ರೊಟ್ಟಿ ಬಡಿದು ಎರಡು ಹೊತ್ತು ನಡೆದು ತಂದು ಕೊಡುತ್ತಿದ್ದಳು. ರೇಣವ್ವ ಬುತ್ತಿ ತೆಗೆದುಕೊಂಡು ಖಾಲಿ ಬಟ್ಟೆ ತಿರುಗಿ ಕೊಡುತ್ತಿದ್ದಳು. ಮಾತಿಲ್ಲ. ಒಂಬತ್ತನೆಯ ದಿನ ಪರಸಿ ತಾನಾಗಿ ರೊಟ್ಟಿ ಕೇಳಿದಳಂತೆ. ಅದನ್ನೂ ಹಣಮಂತನೇ ಬಂದು ಹೇಳಿದ.

ಊರಿಗೆ ತಿರುಗಿ ಬಂದ ಮೇಲೆ ಮಲೇರಿಯಾದ ಹೊಸ ಮನುಷ್ಯ ರಸೂಲಸಾಬ ಗುಳಿಗೆ ಹಿಡಿದುಕೊಂಡು ಬಂದ. ಈ ಸಲ ಹುಲಿಗೆವ್ವನ ಹೆಸರಿಗೇ ಬಂದದ್ದು, ಐದು ದಿನದ್ದು.

"ಶಂಕರೆಪ್ಪ ಎಲ್ಲಿ ಹೋದ್ನಪಾ?" ಎಂದು ಕೇಳಿದಳು.

"ದವಾಖಾನಿಯಿಂದ ಸಾಹೇಬ್ರಿಗೆ ಕಾಗದ ಬಂತು, ತಗದ್ರಲ್ಲ ಅವನ್ನ. ಬಬಲೇಶ್ವರದಾಗ ರಸ್ತಾದ ಮ್ಯಾಲ ಕಲ್ಲ ಒಡ್ಯಾಕ ಹೋಗ್ತಾನಂತ."

ಹುಲಿಗೆವ್ವ ಗೋಡೆಯ ಮೇಲಿನ ಚೌಕ ನೋಡಿದಳು. ಅದರಲ್ಲಿ ಶಂಕರೆಪ್ಪ ಬರೆದ ತಾರೀಖು ಯಾವುದೆಂದು ಅವಳಿಗೆ ಗುರುತಿಸಲು ಬರಲಿಲ್ಲ.

"ನಾ ನುಂಗಸ್ತೀನಿ, ಕೊಡ್ರಿ" ಎಂದು ರೇಣವ್ವ ಗುಳಿಗೆ ಇಸಿದುಕೊಂಡಳು. ದಿನವೂ ತಂಬಿಗೆ ಹಿಡಿದು ಬಂದು ಎದುರಿಗೆ ನಿಲ್ಲುತ್ತಿದ್ದಳು. "ಹೂಂ" ಅನ್ನುತ್ತಿದ್ದಳು, ಅಷ್ಟೇ. ಹುಲಿಗೆವ್ವ ಬೆಲ್ಲ ಕೇಳಲಿಲ್ಲ. ಗುಳಿಗೆಯನ್ನು ನಾಲಿಗೆಯ ಮೇಲೆ ಕರಗುವವರೆಗೆ ಇಟ್ಟುಕೊಂಡು ಆಮೇಲೆ ನೀರು ಕುಡಿಯುತ್ತಿದ್ದಳು. ರೇಣವ್ವ ಅದನ್ನು ನೋಡಿದಳು, ಬೇಡ ಅನ್ನಲಿಲ್ಲ.

ಐದನೆಯ ದಿನ ಪರಸಿ ಗೋಡೆ ಹಿಡಿದು ನಡೆದು ಬಂದು ಅಜ್ಜಿಯ ಮಗ್ಗುಲಿಗೆ ನಿಂತಳು. ಕೆನ್ನೆಗೆ ಇನ್ನೂ ಬಣ್ಣ ಬಂದಿರಲಿಲ್ಲ. ಹುಲಿಗೆವ್ವ ನೀರು ಕುಡಿದು ತಂಬಿಗೆ ಇಟ್ಟಳು.

"ಆಯಿ, ನಾಲಿಗಿ ತೋರ್ಸು" ಎಂದಳು ಪರಸಿ, ಜೀಪಿನ ಸಾಹೇಬರ ಹಾಗೆ ಗದರಿಸುತ್ತ.

ಹುಲಿಗೆವ್ವ ಬಾಯಿ ತೆರೆದು ನಾಲಿಗೆ ಚಾಚಿದಳು. ಪರಸಿ ಬಗ್ಗಿ, ಕತ್ತು ಓರೆ ಮಾಡಿ, ಒಳಗೆಲ್ಲ ನೋಡಿದಳು.

"ಕಹಿ ಐತೇನು?"

"ಐತಿ ನನ್ನವ್ವ."

"ನನಗೂ ಕಹಿ ಆಗಿತ್ತು" ಎಂದಳು ಪರಸಿ.

ಒಲೆಯ ಮುಂದೆ ರೇಣವ್ವ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ಹುಲಿಗೆವ್ವ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಸಪ್ಪಳ ಮತ್ತೆ ಶುರುವಾಯಿತು. ಆಗ ಅವಳು ಎದ್ದು, ಬೇಯಿಸುವವರಿಲ್ಲದ ಹಂಚಿನ ಮುಂದೆ ಹೋಗಿ ಕುಳಿತಳು.